ಕೆಂಪು ಬಿಲ್ಲೆ ಕೊನೆಗೂ ಅಂಟಿತು

ಪದಗಳ ಬ್ಲಾಕ್ ಜೋಡಿಸಿ ಇಂಗ್ಲಿಷ್ ವಾಕ್ಯ ಕಟ್ಟುವ ಸೆಟ್ ಮಾಡುತ್ತಿದ್ದೇನಲ್ಲ, ಅದರಲ್ಲಿ ಅಂತೂ ‘ಡು’ ದಾರಿಗೆ ಬಂತು! ಬ್ಲಾಕ್ ಕತ್ತರಿಸಿ, ಉಜ್ಜಿ, ಬಣ್ಣ ಹೊಡೆಯೋದೆಲ್ಲ ನಿಮಗೆ ಗೊತ್ತಿರುವ ಕೆಲಸವೇ, ಬಿಡಿ. ಕರ್ತೃ, ಕ್ರಿಯಾಪದ, ಕರ್ಮ ಅಂತ ಸಾಲಾಗಿ ಜೋಡಿಸುವ ತನಕ ಇಂಗ್ಲಿಷ್ ತುಂಬಾ ಮರ್ಯಾದಸ್ಥ ಭಾಷೆ. ಪ್ರಶ್ನೆ ಕೇಳಲು ಹೋದರೆ ಕಿರಿಕ್ ಶುರು.

‘ಶಿ ರೈಟ್ಸ್’ ಪ್ರಶ್ನೆಯಾದರೆ ‘ಡಸ್ ಶಿ ರೈಟ್’. ಬಾಲದ ‘ಎಸ್’ ಹಾರಿ ಹೋಗಿ ‘ಡು’ ಹಿಂದೆ ಕೂರುತ್ತದೆ. ಅದನ್ನು ಬ್ಲಾಕಿನ ಅಂಚಿಗೆ ಅಂಟುವ ಹಸಿರು ಬಿಲ್ಲೆ ಮಾಡಿದ್ದಾಯಿತು. ಆದರೆ ‘ಶಿ ರೋಟ್’ನಲ್ಲಿ ಕೀಳೋಕೆ ಬಾಲವೇ ಇಲ್ಲವಲ್ಲ! ಭೂತಕಾಲ ಪದದ ಹೊಟ್ಟೆಯೊಳಗೇ ಇದೆ.

ಈಗ ಹೀಗೆ ಮಾಡಿದ್ದೇನೆ. ಬ್ಲಾಕಿನ ಮುಂದೆ ‘ರೈಟ್’, ಹಿಂದೆ ‘ರೋಟ್’. ಬಲ ಅಂಚಿನಲ್ಲಿ ಎರಡು ಮ್ಯಾಗ್ನೆಟ್: ಮೇಲಿನದು ಉತ್ತರ, ಕೆಳಗಿನದು ದಕ್ಷಿಣ. ಬ್ಲಾಕನ್ನು ಮೇಲಿಂದ ಕೆಳಕ್ಕೆ ಮಗುಚಿದರೆ ಧ್ರುವಗಳು ಅದಲುಬದಲು. ಹಸಿರು ಬಿಲ್ಲೆ ಮುಂಬದಿಗೆ ಮಾತ್ರ ಅಂಟುತ್ತದೆ, ಭೂತಕಾಲದ ಖಾಲಿ ಕೆಂಪು ಬಿಲ್ಲೆ ಹಿಂಬದಿಗೆ ಮಾತ್ರ. ಪ್ರಶ್ನೆಯಲ್ಲಿ ಕೆಂಪು ‘ಡು’ ಕಡೆಗೆ ಹೋದರೆ ‘ರೋಟ್’ ಮತ್ತೆ ಮಗುಚಿ ‘ರೈಟ್’ ಆಗಲೇಬೇಕು. ‘ಡು’ ಬ್ಲಾಕಿನ ಹಿಂದೆ ‘ಡಿಡ್’. ‘ಕ್ಯಾನ್’ಗೆ ಯಾವ ಬಾಲವೂ ಇಲ್ಲ, ಮ್ಯಾಗ್ನೆಟ್ ಉಳಿಯಿತು.

ನಿಜವಾಗಿ ತಲೆ ತಿಂದಿದ್ದು ‘ಹೂ ರೋಟ್ ದ ಲೆಟರ್’. ಪ್ರಶ್ನೆ ಅಂದರೆ ‘ಡು’ ಹಾಕು ಅನ್ನುವ ಶಾಲೆಯ ನಿಯಮ ಇಲ್ಲಿ ಮಕಾಡೆ. ಪ್ರಶ್ನೆಗೂ ‘ಡು’ಗೂ ನೇರ ಸಂಬಂಧವೇ ಇಲ್ಲ ಅನ್ನೋದು ಬಿಲ್ಲೆ ಸರಿಸುವಾಗ ಕಾಣುತ್ತದೆ. ಬಿಲ್ಲೆಗೂ ಕ್ರಿಯಾಪದಕ್ಕೂ ನಡುವೆ ‘ಶಿ’ ಬಂದರೆ, ಇಲ್ಲವೇ ‘ನಾಟ್’ ನುಗ್ಗಿದರೆ, ಬಿಲ್ಲೆ ಅನಾಥ. ಆಗ ಅದನ್ನು ಹೊರಲು ‘ಡು’ ಬೇಕು. ‘ಹೂ’ ತಾನೇ ಕರ್ತೃವಾದಾಗ ನಡುವೆ ಯಾರೂ ಬರುವುದಿಲ್ಲ, ‘ಡು’ ಮನೆಯಲ್ಲೇ ಇರುತ್ತದೆ. ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ 1957ರಲ್ಲೇ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು, ಮ್ಯಾಗ್ನೆಟ್ ಇಲ್ಲದೆ. ಶೇಕ್ಸ್‌ಪಿಯರ್ ಕಾಲದಲ್ಲಾದರೆ ಕ್ರಿಯಾಪದವೇ ಕರ್ತೃವಿನ ಮುಂದಕ್ಕೆ ಹಾರಬಹುದಿತ್ತು. ಆಗ ಈ ಸೆಟ್ ಮಾಡಿದ್ದರೆ ನನಗೆ ಅರ್ಧ ಕೆಲಸ ಉಳೀತಿತ್ತು.

ಮ್ಯಾಗ್ನೆಟ್ ಕಳಿಸಿದ ಪುಣ್ಯಾತ್ಮರ ಬಗ್ಗೆ ಎರಡು ಮಾತು. ಕೇಳಿದ್ದು 3 ಮಿ.ಮೀ. ದಪ್ಪ, ಬಂದದ್ದು 2. ತೂತಿನ ತಳಕ್ಕೆ ರಟ್ಟು ತುರುಕಿ ಅರಾಲ್ಡೈಟ್ ಹಾಕಿದೆ. ಫೋನ್ ಮಾಡಿದರೆ ‘ಅಂಟುತ್ತೆ ತಾನೆ ಸಾರ್?’ ಅಂತ ನನ್ನನ್ನೇ ಕೇಳಿದರು.

ಬಾಕಿ ಇರುವ ತಲೆನೋವು: ‘ಗೋ’, ‘ಡು’ ಬಂದಾಗ ‘ಎಸ್’ ಸಾಲದು, ‘ಇ’ ಕೂಡ ಬೇಕು. ಬಿಲ್ಲೆಯ ಹಿಂದೆ ‘ಇಎಸ್’ ಬರೆದು ಮಗುಚೋಣ ಅಂದರೆ ಅದರ ಧ್ರುವವೂ ಮಗುಚಿ ದೂರ ತಳ್ಳುತ್ತದೆ. ಬೇರೆ ಬಿಲ್ಲೆಯೇ ಗತಿ.

ಮುಂದಿನದು ಕನ್ನಡ ಸೆಟ್. ‘ಅನ್ನು’, ‘ಇಂದ’, ‘ಗೆ’ ಬಿಲ್ಲೆಗಳು ನಾಮಪದಕ್ಕೆ ಅಂಟಿದರೆ ಪದಗಳನ್ನು ಹೇಗೆ ಬೇಕಾದರೂ ಅದಲುಬದಲು ಮಾಡಬಹುದು, ಅಲ್ವಾ? ಆದರೆ ಮರಕ್ಕೆ ‘ಅನ್ನು’ ಅಂಟಿಸಿದರೆ ನಡುವೆ ‘ವ’ ಬರುತ್ತೆ, ಮನೆಗೆ ‘ಯ’. ಹಣ್ಣಿನಲ್ಲಂತೂ ಕೊನೆಯ ‘ಉ’ ಮಾಯ. ಅದಕ್ಕೆ ಸ್ಪ್ರಿಂಗ್ ಹಾಕಬಹುದಾ? ಯಾರಾದರೂ ಮಾಡಿ ನೋಡಿದ್ದರೆ ತಿಳಿಸಿ.