ಸ್ಟೆಂಟ್ ಪುಕ್ಕಟೆ, ಗುಳಿಗಿಗೆ ರೊಕ್ಕ

ಅಪ್ಪನಿಗೆ ಎದೆನೋವು ಬಂದಾಗ ಖರ್ಚಿನ ಚಿಂತೆ ಅಷ್ಟಾಗಿ ಕಾಡಲಿಲ್ಲ. ಮನೆಯಲ್ಲಿ ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಮೊದಲೆಲ್ಲ ನಮ್ಮ ಕಡೆಯವರು ಹಾರ್ಟಿನ ತೊಂದರೆ ಅಂದರೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡುತ್ತಿದ್ದರು. ಈಗ ಕಲಬುರಗಿಯಲ್ಲೇ ಜಯದೇವ ಹಾರ್ಟ್ ಆಸ್ಪತ್ರೆ ಇದೆ. ಅಪ್ಪನಿಗೆ ಸ್ಟೆಂಟ್, ಅಂದರೆ ಹಾರ್ಟಿನ ರಕ್ತನಾಳ ತೆರೆದಿಡುವ ಸಣ್ಣ ಕೊಳವೆ, ಹಾಕಿದರು, ನಮ್ಮೂರು ಕಮಲಾಪುರಕ್ಕೆ ಕರೆದುಕೊಂಡು ಬಂದೆವು. ಕೈಯಿಂದ ಹೋಗಿದ್ದು ಆಟೋ, ಚಹಾ, ಊಟದ ರೊಕ್ಕ ಅಷ್ಟೆ.

ನಿಜವಾದ ಖರ್ಚು ಶುರುವಾಗಿದ್ದು ಆಮೇಲೆ. ಯೋಜನೆಯ ಪ್ಯಾಕೇಜಿನಲ್ಲಿ ಡಿಸ್ಚಾರ್ಜ್ ಆದಮೇಲಿನ 15 ದಿನದ ಔಷಧಿ ಸೇರಿರುತ್ತದೆ. ಹದಿನಾರನೇ ದಿನದಿಂದ ನಿಮ್ಮ ಪಾಡು ನಿಮ್ಮದು. ರಕ್ತ ಹೆಪ್ಪುಗಟ್ಟದಂತೆ ಟಿಕಾಗ್ರೆಲಾರ್, ದಿನಕ್ಕೆ ಎರಡು. ಆಸ್ಪಿರಿನ್, ಕೊಲೆಸ್ಟ್ರಾಲಿಗೆ ರೋಸುವಾಸ್ಟಾಟಿನ್, ಬಿಪಿಗೆ ಒಂದು. ಅಪ್ಪನಿಗೆ ಶುಗರ್ ಬೇರೆ ಇದೆ. ಅದನ್ನು ನೋಡುವ ಖಾಸಗಿ ಡಾಕ್ಟರು ಮೆಟ್‌ಫಾರ್ಮಿನ್ ಜೊತೆ ಎಂಪಾಗ್ಲಿಫ್ಲೋಜಿನ್ ಬರೆದಿದ್ದರು. ಅದು ಹಾರ್ಟಿಗೂ ಒಳ್ಳೆಯದು ಅಂದರು. ಆ ಒಂದು ಗುಳಿಗಿಗೇ ಅರವತ್ತು ರೂಪಾಯಿ ಹತ್ತಿರ! ಎಲ್ಲಾ ಸೇರಿ ತಿಂಗಳಿಗೆ ನಾಲ್ಕು ಸಾವಿರದ ಆಸುಪಾಸು. ನಾನು ಕಲಬುರಗಿಯ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ನನ್ನ ಸಂಬಳ ಎಷ್ಟಿರಬಹುದು ಅಂತ ನೀವೇ ಊಹಿಸಿ.

ಒಂದು ಭಾನುವಾರ ಊರಿಗೆ ಹೋದಾಗ ಗುಳಿಗಿ ಡಬ್ಬಿ ತೆಗೆದು ನೋಡಿದೆ. ಮುಗಿದಿರಬೇಕಾದ ಸ್ಟ್ರಿಪ್‌ಗಳಲ್ಲಿ ಅರ್ಧಕ್ಕರ್ಧ ಹಾಗೇ ಉಳಿದಿತ್ತು. ಕೇಳಿದರೆ ಅಪ್ಪ ಆರಾಮಾಗಿ ಹೇಳಿದ: "ದಿನಾ ತಗೊಂಡ್ರ ತಿಂಗಳಿಗೇ ಮುಗೀತಾವ ಯವ್ವಾ. ಒಂದಿನ ಬಿಟ್ಟು ಒಂದಿನ ತಗೊಂಡ್ರ ಎರಡು ತಿಂಗಳು ಬರ್ತಾವ. ಆರಾಮ ಅದೀನಲ್ಲ?" ತಮ್ಮನಿಗೂ ಗೊತ್ತಿರಲಿಲ್ಲ. ಅವ್ವನಿಗೆ ಗೊತ್ತಿತ್ತು, ಸುಮ್ಮನಿದ್ದಳು.

ಮರುದಿನ ಶಾಲೆಗೆ ರಜೆ ಹಾಕಿ, ಅಪ್ಪನನ್ನು ಕರೆದುಕೊಂಡು ಶುಗರ್ ಡಾಕ್ಟರ ಹತ್ತಿರ ಹೋದೆ. ಒಳಗೆ ಹೋದಕೂಡಲೇ ಹೇಳಿಬಿಟ್ಟೆ: "ಸರ್, ತಿಂಗಳಿಗೆ ಇಷ್ಟು ನಮ್ಮ ಕೈಲಿ ಆಗಲ್ರಿ. ಅಪ್ಪ ಬಿಟ್ಟು ಬಿಟ್ಟು ತಗೊಳ್ಳಾಕತ್ಯಾರ." ಅಪ್ಪ ತಲೆ ತಗ್ಗಿಸಿ ಕುಳಿತ. ಜ್ವರ, ಕೆಮ್ಮು, ಮಲ ಮೂತ್ರದ ತನಕ ಎಲ್ಲಾ ಡಾಕ್ಟರ ಮುಂದೆ ಹೇಳುತ್ತೇವೆ. ರೊಕ್ಕ ಇಲ್ಲ ಅನ್ನುವುದೊಂದಕ್ಕೆ ಬಾಯಿ ಬರುವುದಿಲ್ಲ, ಅಲ್ವಾ?

ಡಾಕ್ಟರಿಗೆ ಸಿಟ್ಟು ಬಂದಿದ್ದು ಟಿಕಾಗ್ರೆಲಾರ್ ತಪ್ಪಿಸಿದ್ದಕ್ಕೆ. ಅದರ ಪರಿಣಾಮ ಬೇಗ ಇಳಿಯುತ್ತದಂತೆ, ಅದಕ್ಕೇ ದಿನಕ್ಕೆ ಎರಡು ಸಲ. ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. "ಬೇಕಾದ್ರ ಬ್ಯಾರೆ ಕಂಪನಿದು ತಗೋರಿ. ಆದ್ರ ಹಾರ್ಟ್ ಡಾಕ್ಟರ್ ಹೇಳೋ ತನಕ ಒಂದೂ ತಪ್ಪಿಸಬ್ಯಾಡ್ರಿ" ಅಂದರು. ಆಮೇಲೆ ಹಳೇ ಚೀಟಿ ಪಕ್ಕಕ್ಕಿಟ್ಟು ಹೊಸದು ಬರೆದರು. ಈ ಸಲ ಕಂಪನಿ ಹೆಸರಿಲ್ಲ. ಔಷಧಿಯ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಅಷ್ಟೆ. ಎಂಪಾಗ್ಲಿಫ್ಲೋಜಿನ್ ಪೇಟೆಂಟ್, ಅಂದರೆ ಒಂದೇ ಕಂಪನಿಗೆ ಇದ್ದ ಹಕ್ಕು, 2025ರ ಮಾರ್ಚ್‌ನಲ್ಲಿ ಮುಗಿದಿದೆ, ಈಗ ಬಹಳ ಕಂಪನಿಗಳು ಮಾಡುತ್ತವೆ ಅಂತಲೂ ಹೇಳಿದರು. ಆದರೆ ರೇಟ್ ಎಷ್ಟಾಗಿದೆ ಅಂತ ಕೇಳಿದರೆ ಅವರಿಗೇ ಗೊತ್ತಿಲ್ಲ! ಮಿಲಿಗ್ರಾಂ ಲೆಕ್ಕ ನಾಲಿಗೆ ತುದಿಯಲ್ಲಿರುತ್ತದೆ, ರೂಪಾಯಿ ಲೆಕ್ಕ ಇರುವುದಿಲ್ಲ. ನನಗೆ ಇದು ಈಗಲೂ ಆಶ್ಚರ್ಯ.

ಸೂಪರ್ ಮಾರ್ಕೆಟ್ ಕಡೆಯ ಒಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿದೆ. ಅದೇ ಎಂಪಾಗ್ಲಿಫ್ಲೋಜಿನ್, 10 ಮಿಲಿಗ್ರಾಂ. ಹಳೇ ಕಂಪನಿಯದನ್ನೇ ಮೊದಲು ತೆಗೆದಿಟ್ಟರು. "ಬ್ಯಾರೆ ಕಂಪನಿದು ತೋರಿಸ್ರಿ" ಅಂದಮೇಲೆ ಒಂದೊಂದಾಗಿ ಹೊರಬಂದವು. ಪೇಟೆಂಟ್ ಮುಗಿದ ಮೇಲೆ ಕೆಲವು ಕಂಪನಿಗಳು ಒಂದು ಗುಳಿಗಿಗೆ ಐದೂವರೆ ರೂಪಾಯಿಗೂ ಕೊಡುತ್ತಿವೆ. ಅರವತ್ತೆಲ್ಲಿ, ಐದೂವರೆ ಎಲ್ಲಿ! ಇಷ್ಟು ದಿನ ಯಾರೂ ಹೇಳಲಿಲ್ಲ. ಹಳೇ ಚೀಟಿಯಲ್ಲಿ ಹಳೇ ಹೆಸರು, ಅಂಗಡಿಯವರು ಅದನ್ನೇ ಕೊಡುತ್ತಾ ಬಂದರು.

ಅಲ್ಲಿಂದ ಜನೌಷಧಿ ಕೇಂದ್ರಕ್ಕೆ, ಅಂದರೆ ಕಡಿಮೆ ರೇಟಿಗೆ ಔಷಧಿ ಕೊಡುವ ಸರ್ಕಾರಿ ಯೋಜನೆಯ ಅಂಗಡಿಗೆ. ಹೊರಡುವಾಗ ಮೆಡಿಕಲ್ ಅಂಗಡಿ ಹುಡುಗ, "ಅಕ್ಕಾ, ಅಲ್ಲಿ ಗುಳಿಗಿಗೆ ಪವರ್ ಇರಂಗಿಲ್ರಿ" ಅಂದ. ಈ ಮಾತು ನಮ್ಮ ಸ್ಟಾಫ್ ರೂಮಿನಲ್ಲೂ ಓಡಾಡುತ್ತದೆ. ಜನೌಷಧಿಯ ಪ್ರತಿ ಬ್ಯಾಚನ್ನೂ ಮಾನ್ಯತೆ ಪಡೆದ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿಯೇ ಅಂಗಡಿಗೆ ಕಳಿಸುತ್ತಾರೆ. ಇನ್ನು ಗುಣಮಟ್ಟ ಇಲ್ಲದ ಔಷಧಿಗಳ ಪಟ್ಟಿಯನ್ನು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ತಿಂಗಳು ತಿಂಗಳು ಬಿಡುತ್ತದೆ. ಅದರಲ್ಲಿ ಹೆಸರುವಾಸಿ ಬ್ರ್ಯಾಂಡ್‌ಗಳೂ ಇರುತ್ತವೆ. ಅಪ್ಪನಿಗೆ ಇಷ್ಟೆಲ್ಲ ಬೇಕಾಗಲಿಲ್ಲ. ಕೇಂದ್ರದವರು ಅವನ ಭಾಷೆಯಲ್ಲೇ ಹೇಳಿದರು: "ಕಾಕಾ, ತೊಗರಿ ಒಂದೇ, ಚೀಲದ ಮ್ಯಾಲಿನ ಹೆಸರು ಬ್ಯಾರೆ."

ಆದರೆ ಜನೌಷಧಿ ಎಂದರೆ ಎಲ್ಲಾ ಸಿಗುತ್ತದೆ ಅಂತ ತಿಳಿಯಬೇಡಿ. ರೋಸುವಾಸ್ಟಾಟಿನ್, ಆಸ್ಪಿರಿನ್ ಇದ್ದವು. ಟಿಕಾಗ್ರೆಲಾರ್ ಆ ದಿನ ಸ್ಟಾಕ್ ಇರಲಿಲ್ಲ. 'ಜನೌಷಧಿ ಸುಗಮ್' ಆಪ್‌ನಲ್ಲಿ ಔಷಧಿಯ ಹೆಸರು ಹಾಕಿದರೆ ರೇಟ್ ಮತ್ತು ಹತ್ತಿರದ ಕೇಂದ್ರ ತೋರಿಸುತ್ತದೆ. ನನ್ನ ಅನುಭವದಲ್ಲಿ ಹೋಗುವ ಮುಂಚೆ ಒಂದು ಫೋನ್ ಮಾಡುವುದೇ ಒಳ್ಳೆಯದು. ಟಿಕಾಗ್ರೆಲಾರ್ ತಪ್ಪಿಸುವಂತಿರಲಿಲ್ಲ. ವಾಪಸ್ ಮೆಡಿಕಲ್ ಅಂಗಡಿಗೆ ಹೋಗಿ ಬೇರೆ ಕಂಪನಿಯದನ್ನು, ಹತ್ತು ಪರ್ಸೆಂಟ್ ಕಡಿಮೆ ಮಾಡಿಸಿ ತಗೊಂಡೆವು.

ಬಿಪಿ ಗುಳಿಗಿ ಮತ್ತು ಮೆಟ್‌ಫಾರ್ಮಿನ್ ಈಗ ಕಮಲಾಪುರದ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ತರುತ್ತೇವೆ. ಅಪ್ಪನಿಗೆ ಅಲ್ಲಿ ಸಾಲಿನಲ್ಲಿ ನಿಲ್ಲುವುದು ಮೊದಮೊದಲು ಮುಜುಗರ. ಈಗ ಸಂತೆಗೆ ಹೋದಷ್ಟೇ ಖುಷಿ, ಹಳೇ ದೋಸ್ತರು ಸಿಗುತ್ತಾರೆ.

ನಾಲ್ಕು ಸಾವಿರ ಇದ್ದದ್ದು ಈಗ ಎರಡು ಸಾವಿರದ ಒಳಗೆ ಬಂದಿದೆ. 2025ರ ಸೆಪ್ಟೆಂಬರ್ 22ರಿಂದ ಔಷಧಿ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಾಗ ಇನ್ನೊಂದಿಷ್ಟು ಉಳಿಯಿತು. ಈಗ ಆಗುವ ಖರ್ಚಿನಲ್ಲಿ ದೊಡ್ಡ ಪಾಲು ಟಿಕಾಗ್ರೆಲಾರ್‌ನದ್ದೇ. ಸ್ಟೆಂಟ್ ಹಾಕಿ ವರ್ಷ ತುಂಬಿದ ಮೇಲೆ ಅದರ ಬಗ್ಗೆ ನೋಡೋಣ ಅಂತ ಹಾರ್ಟ್ ಡಾಕ್ಟರು ಹೇಳಿದ್ದಾರೆ. ಅಲ್ಲಿಯ ತನಕ ದಿನಕ್ಕೆ ಎರಡು. ತಮ್ಮ ಪ್ರತಿ ಭಾನುವಾರ ಸ್ಟ್ರಿಪ್‌ಗಳ ಫೋಟೊ ತೆಗೆದು ನನಗೆ ವಾಟ್ಸಾಪ್ ಮಾಡುತ್ತಾನೆ. "ನಾ ಏನ್ ಕಳ್ಳ ಅದೀನೇನು?" ಅಂತ ಅಪ್ಪ ಇಬ್ಬರಿಗೂ ಬೈಯುತ್ತಾನೆ.