ಪಿರನೀಸ್ ದಾಟಿ ಪಾರಾದ ಸೈನಿಕರ ಹಾದಿಯಲ್ಲಿ ನಡೆಯಬಯಸುವವರಿಗೆ

ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ವಶವಾಗಿದ್ದ ಫ್ರಾನ್ಸ್‌ನಲ್ಲಿ ಸಿಕ್ಕಿಬಿದ್ದ ಮಿತ್ರಪಡೆಗಳ ಸೈನಿಕರು ಮತ್ತು ವೈಮಾನಿಕರು ಸ್ಪೇನ್ ಸೇರಲು ಬಳಸಿದ, ಎರಡೂ ದೇಶಗಳ ಗಡಿಯ ಪಿರನೀಸ್ ಪರ್ವತಸಾಲಿನ ಮಾರ್ಗಗಳಲ್ಲಿ ಒಂದು ಈಗ ‘ಸ್ವಾತಂತ್ರ್ಯದ ಹಾದಿ’ ಎಂಬ ಹೆಸರಿನಲ್ಲಿ ಚಾರಣಿಗರಿಗೆ ತೆರೆದಿದೆ. ಫ್ರಾನ್ಸ್‌ನ ಅರಿಯೇಜ್ ಪ್ರಾಂತ್ಯದ ಸೇನ್-ಜಿರೋನ್ ಪಟ್ಟಣದಿಂದ ಹೊರಟು ಸ್ಪೇನ್‌ನ ಕ್ಯಾಟಲೋನಿಯಾದ ಎಸ್ತೆರ್ರಿ ದಾನೆವು ಎಂಬ ಊರಿನಲ್ಲಿ ಮುಗಿಯುವ ಇದರ ಉದ್ದ ಸುಮಾರು 60 ಕಿಲೋಮೀಟರ್. ಸಾಮಾನ್ಯವಾಗಿ ಇದನ್ನು ನಾಲ್ಕು ದಿನಗಳಲ್ಲಿ ನಡೆಯುತ್ತಾರೆ.

ಸೇನ್-ಜಿರೋನ್‌ಗೆ ಈಗ ರೈಲು ಇಲ್ಲ. ತುಲೂಸ್‌ನಿಂದ ಬುಸಾನ್ಸ್‌ವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಬಸ್ಸು ಹಿಡಿಯಬೇಕು. ಪಟ್ಟಣದ ಹಳೆಯ ರೈಲು ನಿಲ್ದಾಣದಲ್ಲಿಯೇ ಈ ಹಾದಿಯ ವಸ್ತುಸಂಗ್ರಹಾಲಯವಿದೆ. ಅದನ್ನು ನಡಿಗೆ ಮುಗಿದ ಮೇಲೆ ನೋಡೋಣವೆಂದು ಬಿಡದೆ ಹೊರಡುವ ಮುನ್ನವೇ ನೋಡಬೇಕೆಂಬುದು ನನ್ನ ಮೊದಲ ಸಲಹೆ, ಏಕೆಂದರೆ ಇಲ್ಲಿ ನಡೆದದ್ದು ಏನೆಂದು ತಿಳಿಯದೆ ಹತ್ತಿದರೆ ಇದು ಕಡಿದಾದ ಮತ್ತೊಂದು ಬೆಟ್ಟವಾಗಿಯಷ್ಟೇ ಉಳಿಯುತ್ತದೆ.

ಸಿಕ್ಕಿಬಿದ್ದ ಸೈನಿಕರನ್ನು ಮರಳಿ ಕರೆತರಲೆಂದೇ ಬ್ರಿಟನ್ 1939ರ ಡಿಸೆಂಬರ್‌ನಲ್ಲಿ ನಾರ್ಮನ್ ಕ್ರಾಕಟ್ ಅವರ ನೇತೃತ್ವದಲ್ಲಿ ಎಂಐ-9 ಎಂಬ ಗುಪ್ತಚರ ವಿಭಾಗವನ್ನು ತೆರೆಯಿತು. ಮಡಚಿದರೂ ಸದ್ದಾಗದ ರೇಷ್ಮೆಯ ನಕಾಶೆ, ಅಂಗಿಯ ಗುಂಡಿಯೊಳಗೆ ಅಡಗಿಸಿದ ದಿಕ್ಸೂಚಿ, ನಕಲಿ ಗುರುತುಪತ್ರಕ್ಕೆ ಬೇಕಾಗುವ ನಾಗರಿಕ ಉಡುಪಿನ ಭಾವಚಿತ್ರ ಇವೆಲ್ಲವನ್ನೂ ವೈಮಾನಿಕರು ಹಾರಾಟಕ್ಕೆ ಮುನ್ನವೇ ಜೊತೆಗಿಟ್ಟುಕೊಳ್ಳುವ ವ್ಯವಸ್ಥೆ ಬೆಳೆಯಿತು. ಆದರೆ ನೆಲಕ್ಕಿಳಿದ ಮೇಲೆ ಅವರನ್ನು ಮನೆಯಿಂದ ಮನೆಗೆ, ಊರಿಂದ ಊರಿಗೆ ದಾಟಿಸಿದವರು ಸ್ಥಳೀಯರು. ಬೆಲ್ಜಿಯಂನ ಯುವತಿ ಆಂದ್ರೇ ದ ಯೊಂಗ್ 1941ರ ಆಗಸ್ಟ್‌ನಲ್ಲಿ ಪಶ್ಚಿಮ ಪಿರನೀಸ್ ದಾಟಿ, ಒಬ್ಬ ಬ್ರಿಟಿಷ್ ಸೈನಿಕನನ್ನು ಕರೆದುಕೊಂಡು ಬಿಲ್ಬಾವೊದ ಬ್ರಿಟಿಷ್ ದೂತಾವಾಸಕ್ಕೆ ಬಂದಾಗ ಅಧಿಕಾರಿಗಳು ಮೊದಲು ಸಂದೇಹಪಟ್ಟರು. ಆಕೆ ಹಣಕಾಸಿನ ನೆರವು ಪಡೆದರೂ ಸೈನಿಕರನ್ನು ಗಡಿ ದಾಟಿಸುವ ತನ್ನ ‘ಕಾಮೆಟ್’ ಜಾಲದ ಹಿಡಿತವನ್ನು ಲಂಡನ್‌ಗೆ ಬಿಟ್ಟುಕೊಡಲಿಲ್ಲ. 1943ರ ಜನವರಿಯಲ್ಲಿ ಸೆರೆಸಿಕ್ಕಿ ಜರ್ಮನಿಯ ರಾವೆನ್ಸ್‌ಬ್ರೂಕ್ ನಾಜಿ ಸೆರೆಶಿಬಿರ ಸೇರಿದ ಆಕೆ ಬದುಕಿ ಬಂದರು. ಆಕೆಯ ತಂದೆಯನ್ನು ಮರುವರ್ಷ ಗುಂಡಿಟ್ಟು ಕೊಲ್ಲಲಾಯಿತು. ಇಂತಹವರ ಧೈರ್ಯವನ್ನು ಬೇಹುಗಾರಿಕೆಯ ಚರಿತ್ರೆಯಲ್ಲಿ ಅಡಿಟಿಪ್ಪಣಿಯಾಗಿಸುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

1942ರ ನವೆಂಬರ್‌ನಲ್ಲಿ ಜರ್ಮನ್ನರು ದಕ್ಷಿಣ ಫ್ರಾನ್ಸ್‌ಗೂ ನುಗ್ಗಿದ ಮೇಲೆ ಸುಲಭದ ಕಣಿವೆಗಳಲ್ಲಿ ಕಾವಲು ಬಿಗಿಯಾಯಿತು. ಹಾಗಾಗಿ ಮಾರ್ಗದರ್ಶಕರು ಹೆಚ್ಚು ಎತ್ತರದ, ಹೆಚ್ಚು ಕಷ್ಟದ ಕಣಿವೆದಾರಿಗಳನ್ನು ಆರಿಸಿಕೊಳ್ಳಬೇಕಾಯಿತು. ಇಂದಿನ ಚಾರಣ ಇಷ್ಟು ಕಠಿಣವಾಗಿರುವುದಕ್ಕೆ ಕಾರಣ ಇದೇ. ಮೊದಲ ದಿನ ಕಾಡು, ಹುಲ್ಲುಗಾವಲುಗಳ ನಡುವಿನ ಏರಿಳಿತ. ದಾರಿಯಲ್ಲಿ 1943ರಲ್ಲಿ ಜರ್ಮನ್ನರಿಂದ ಹತನಾದ ಯುವ ಮಾರ್ಗದರ್ಶಕ ಲೂಯಿ ಬಾರೋನ ಸ್ಮಾರಕವಿದೆ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಮೂರನೆಯ ದಿನದ ಏರಿನಲ್ಲಿ ಕಾಣುವ ಹ್ಯಾಲಿಫ್ಯಾಕ್ಸ್ ಎಂಬ ಬ್ರಿಟಿಷ್ ಬಾಂಬರ್ ವಿಮಾನದ ಅವಶೇಷ 1945ರ ಜುಲೈನಲ್ಲಿ, ಅಂದರೆ ಯುರೋಪಿನ ಯುದ್ಧ ಮುಗಿದ ನಂತರ ನಡೆದ ಅಪಘಾತದ್ದು. ಅದರ ಚೂರನ್ನೂ ಎತ್ತಿಕೊಳ್ಳಬೇಡಿ.

ಆ ರಾತ್ರಿ ಉಳಿಯುವ ಎಸ್ತಾನ್ಯೂ ಆಶ್ರಯತಾಣ 2,200 ಮೀಟರ್‌ಗಿಂತ ಎತ್ತರದಲ್ಲಿದ್ದು, ಬೇಸಿಗೆಯಲ್ಲಿ ಮುಂಗಡವಾಗಿ ಕಾಯ್ದಿರಿಸದೆ ಹೋಗಬಾರದು. ಅದಕ್ಕೂ ಹಿಂದಿನ ರಾತ್ರಿ ತಂಗುವ ಸುಬೇರಾ ಕುಟೀರದಲ್ಲಿ ಊಟ ಒದಗಿಸುವವರಿಲ್ಲ, ಆಹಾರವನ್ನು ನೀವೇ ಹೊರಬೇಕು. ಗಡಿಯ ಕ್ಲವೇರ್ ಕಣಿವೆದಾರಿಯ ಎತ್ತರ 2,500 ಮೀಟರ್ ಮೀರುತ್ತದೆ ಮತ್ತು ಜುಲೈನಲ್ಲಿಯೂ ಅಲ್ಲಿ ಹಿಮ ಉಳಿದಿರುವುದುಂಟು; ಆಶ್ರಯತಾಣದ ಮೇಲ್ವಿಚಾರಕರನ್ನು ಹಿಂದಿನ ದಿನವೇ ವಿಚಾರಿಸಿ. ಆಚೆಗಿನ ಇಳಿಜಾರು ಸಡಿಲ ಕಲ್ಲುಗಳದ್ದಾದ್ದರಿಂದ ಏರುವುದಕ್ಕಿಂತ ಇಳಿಯುವಾಗಲೇ ಊರುಗೋಲು ಹೆಚ್ಚು ಬೇಕಾಗುತ್ತದೆ. ಪರ್ವತದ ಅನುಭವವಿಲ್ಲದವರು ಒಬ್ಬಂಟಿಯಾಗಿ ಹೊರಡದೆ, ಪ್ರತಿ ಜುಲೈನಲ್ಲಿ ನಡೆಯುವ ಸ್ಮರಣಾರ್ಥ ಸಾಮೂಹಿಕ ನಡಿಗೆಗೆ ಮೊದಲೇ ಹೆಸರು ನೋಂದಾಯಿಸುವುದು ಒಳ್ಳೆಯದು. ಕುರಿಮಂದೆ ಕಂಡರೆ ಕಾವಲುನಾಯಿಗಳಿಂದ ದೂರ ಸುತ್ತಿಹೋಗಿ. ಗಡಿಯಲ್ಲಿ ತಪಾಸಣೆ ಇಲ್ಲದಿದ್ದರೂ ಪಾಸ್‌ಪೋರ್ಟ್ ಕೈಯಲ್ಲಿರಲಿ. ತುರ್ತು ಕರೆಗೆ ಎರಡೂ ದೇಶಗಳಲ್ಲಿ 112.

ಸ್ಪೇನ್ ತಲುಪಿದವರ ಕಷ್ಟ ಅಲ್ಲಿಗೇ ಮುಗಿಯುತ್ತಿರಲಿಲ್ಲ. ಗಸ್ತಿನವರ ಕೈಗೆ ಸಿಕ್ಕವರನ್ನು ಸೆರೆಮನೆಗೆ, ಹಲವರನ್ನು ಮಿರಾಂದಾ ದೆ ಎಬ್ರೊ ಎಂಬ ಊರಿನ ಸೆರೆಶಿಬಿರಕ್ಕೆ ಒಯ್ಯುತ್ತಿದ್ದರು. ಬ್ರಿಟಿಷ್ ರಾಜತಾಂತ್ರಿಕರು ಅವರನ್ನು ಬಿಡಿಸಿ ಬ್ರಿಟನ್ನಿನ ವಶದಲ್ಲಿದ್ದ ಜಿಬ್ರಾಲ್ಟರ್‌ಗೆ ಕಳಿಸುವಷ್ಟರಲ್ಲಿ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಉರುಳುತ್ತಿದ್ದವು. ಎಸ್ತೆರ್ರಿಯಿಂದ ಕಣಿವೆಯ ಕೆಳಗಿರುವ ಸೋರ್ಟ್ ಪಟ್ಟಣದಲ್ಲಿ, ಗಡಿ ದಾಟಿ ಬಂದವರನ್ನು ಕೂಡಿಹಾಕುತ್ತಿದ್ದ ಸೆರೆಮನೆಯೇ ಈಗ ವಸ್ತುಸಂಗ್ರಹಾಲಯವಾಗಿದೆ. ಬಾರ್ಸಿಲೋನಾ ಕಡೆಗೆ ಹೋಗುವ ಬಸ್ಸು ಸೋರ್ಟ್ ಮೂಲಕವೇ ಸಾಗುವುದರಿಂದ, ಅಲ್ಲಿ ಇಳಿದು ಅದನ್ನು ನೋಡಿಕೊಂಡು ಮುಂದಿನ ಬಸ್ಸು ಹಿಡಿಯುವಂತೆ ಸಮಯ ಹೊಂದಿಸಿಕೊಳ್ಳಿ. ಬಸ್ಸುಗಳು ವಿರಳ, ವೇಳಾಪಟ್ಟಿಯನ್ನು ಎಸ್ತೆರ್ರಿಯಲ್ಲಿಯೇ ಖಚಿತಪಡಿಸಿಕೊಳ್ಳುವುದು ಸೂಕ್ತ.