ಬಣ್ಣದ ವೇಷ, ಬಣ್ಣವಿಲ್ಲದ ಫೋಟೋ

ಯಕ್ಷಗಾನದ ಆಟ ಮುಗಿದ ಮರುದಿನ ಸೋಮವಾರ ಬೆಳಿಗ್ಗೆ ಸಂಘಟಕರ ಫೋನ್ ಬಂತು. "ಫೋಟೋ ಭಾರೀ ಲಾಯ್ಕ ಬಂದಿದೆ ಮಾರಾಯ್ರೆ. ಕಲರ್‌ನದ್ದು ಯಾವಾಗ ಕಳಿಸ್ತೀರಿ?"

"ಮಧ್ಯಾಹ್ನದೊಳಗೆ ಬರ್ತದೆ" ಎಂದೆ. ಡೊಂಬಿವಲಿ ಲೋಕಲ್‌ನಲ್ಲಿ ಒಂದು ಕೈ ಹಿಡಿಯಲ್ಲಿ, ಇನ್ನೊಂದು ಕೈಯಲ್ಲಿ ಫೋನು. ಕಾರ್ಡ್ ಡಂಪ್ ಮಾಡಿದ್ದು ನಮ್ಮ ಅಸಿಸ್ಟೆಂಟ್ ಹುಡುಗ. ರಾತ್ರಿ ಹನ್ನೆರಡಕ್ಕೆ ಅವನೇ ಹತ್ತು ಫೋಟೋ ಆರಿಸಿ ವಾಟ್ಸಾಪಿಗೆ ಹಾಕಿದ್ದ. ನಾನು ಫೋಲ್ಡರ್ ನೋಡಿಯೇ ಇರಲಿಲ್ಲ. ಸ್ಟುಡಿಯೋಗೆ ಹೋಗಿ ತೆರೆದೆ. 640 ಫೈಲ್. ರಾ, ಅಂದರೆ ಬಣ್ಣವೆಲ್ಲ ಉಳಿಸಿಕೊಳ್ಳುವ ಮೂಲ ಫೈಲ್, ಒಂದೂ ಇಲ್ಲ. ಎಲ್ಲಾ ಜೆಪೆಗ್, ಎಲ್ಲಾ ಕಪ್ಪು ಬಿಳುಪು.

ಹೊಟ್ಟೆಯಲ್ಲಿ ಐಸ್ ಇಟ್ಟ ಹಾಗಾಯಿತು.

ಮೊದಲಿಂದ ಹೇಳುತ್ತೇನೆ. ತುಳುನಾಡಿನಲ್ಲಿ ಆಟದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದು ಊರಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಯಕ್ಷಗಾನ ತಂಡಗಳು ಮುಂಬಯಿಗೆ ಬರುತ್ತವೆ. ಆ ಎರಡು ಮೂರು ತಿಂಗಳು ಮದುವೆ ಕೆಲಸ ಕಡಿಮೆ. ಹಾಗಾಗಿ ನಮ್ಮ ಅಣ್ಣ, ಅಂದರೆ ಸ್ಟುಡಿಯೋದ ಧಣಿ, ಆಟದ ಕೆಲಸ ಹಿಡಿಯುತ್ತಾರೆ. ಈ ಸಲದ್ದು ಮುಲುಂಡ್ ಕಡೆಯ ಒಂದು ಹಾಲ್. ಸಂಘಟಕರಿಗೆ ಬೇಕಾದದ್ದು ಎರಡು. ಸ್ಮರಣ ಸಂಚಿಕೆಯ ಒಳಗೆ ಚೌಕಿಯ (ವೇಷ ಕಟ್ಟುವ ಕೋಣೆಯ) ಕಪ್ಪು ಬಿಳುಪು ಫೋಟೋಗಳು, ಮುಂದಿನ ವರ್ಷದ ಫ್ಲೆಕ್ಸಿಗೆ ಮಹಿಷಾಸುರನ ಪ್ರವೇಶದ ದೊಡ್ಡ ಕಲರ್ ಫೋಟೋ. ವಿಡಿಯೋಗೆ ಒಬ್ಬ, ಸ್ಟಿಲ್‌ಗೆ ನಾನೊಬ್ಬನೇ. ಸೆಕೆಂಡ್ ಕ್ಯಾಮೆರಾ ಕೇಳಿದ್ದೆ. "ಆಟಕ್ಕೆ ಎಂಥ ಸೆಕೆಂಡ್ ಕ್ಯಾಮೆರಾ" ಎಂದರು ಅಣ್ಣ.

ಬೆಳಿಗ್ಗೆ ಹೊರಡುವಾಗಲೇ ರಾ ಹಾಕಿಟ್ಟಿದ್ದೆ. ಇದನ್ನು ಪ್ರಮಾಣ ಮಾಡಿ ಹೇಳುತ್ತೇನೆ. ನಮ್ಮ ಸ್ಟುಡಿಯೋದಲ್ಲಿ ರಾ ಅಂದರೆ ಜಗಳ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಒಂದೊಂದು ಫೈಲ್ 25-30 ಎಂಬಿ ಆಗುತ್ತದೆ, ಹಾರ್ಡ್ ಡಿಸ್ಕ್ ತುಂಬುತ್ತದೆ ಅಂತ ಅಣ್ಣನ ಗೋಳು. ಆವತ್ತು ಜಗಳ ಮಾಡಿ ಒಪ್ಪಿಸಿದ್ದೆ. ರಾದಲ್ಲಿ ತೆಗೆದರೆ ಸ್ಕ್ರೀನಿನಲ್ಲಿ ಕಪ್ಪು ಬಿಳುಪು ಕಂಡರೂ ಫೈಲ್ ಒಳಗೆ ಬಣ್ಣ ಹಾಗೇ ಕೂತಿರುತ್ತದೆ. ಒಂದೇ ಫೋಟೋದಿಂದ ಎರಡೂ ಕೆಲಸ. ಜೆಪೆಗ್‌ನಲ್ಲಿ ಮೊನೋಕ್ರೋಮ್ ಹಾಕಿದರೆ ಬಣ್ಣವನ್ನು ಕ್ಯಾಮೆರಾ ಅಲ್ಲೇ ಎಸೆದುಬಿಡುತ್ತದೆ. ಆಮೇಲೆ ತಲೆ ಚಚ್ಚಿಕೊಂಡರೂ ವಾಪಸ್ ಬರುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದ ನಾನು ಚೌಕಿಗೆ ಹೋದ ಕೂಡಲೇ ಡಯಲನ್ನು ಸಿ2ಗೆ ತಿರುಗಿಸಿದೆ.

ಸಿ2 ಅಂದರೆ ಬೇಕಾದ ಸೆಟ್ಟಿಂಗ್‌ಗಳನ್ನು ಒಟ್ಟಿಗೆ ನೆನಪಿಡುವ ಜಾಗ. ಅದರಲ್ಲಿದ್ದದ್ದು ನಾನೇ ಸೇವ್ ಮಾಡಿದ್ದು. ಮೇ ತಿಂಗಳ ಒಂದು ಮದುವೆಯಲ್ಲಿ, ಮದುಮಗಳ ರೂಮಿನ ಕಿಟಕಿ ಬೆಳಕಿಗೆ. ಮೊನೋಕ್ರೋಮ್, ಕೆಂಪು ಫಿಲ್ಟರ್, ಮ್ಯಾನುಯಲ್, 1/500, ಎಫ್4, ಐಎಸ್ಒ 800. ಕೆಂಪು ಫಿಲ್ಟರ್ ಹಾಕಿದರೆ ಚರ್ಮ ನಯವಾಗಿ, ಬೆಳ್ಳಗೆ ಬರುತ್ತದೆ, ಮೊಡವೆ ಕಲೆ ಮರೆಯಾಗುತ್ತದೆ. ಮದುಮಗಳಿಗೆ ಹೇಳಿ ಮಾಡಿಸಿದ್ದು. ನನ್ನ ತಲೆಯಲ್ಲಿ ಇರದಿದ್ದದ್ದು ಒಂದೇ: ಸಿ2 ಇಷ್ಟನ್ನೇ ಅಲ್ಲ, ಆ ದಿನದ ಜೆಪೆಗ್ ಅನ್ನೂ ಸೇರಿಸಿ ನೆನಪಿಟ್ಟುಕೊಂಡಿತ್ತು.

ಚೌಕಿಯಲ್ಲಿ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಹಿರಿಯ ಕಲಾವಿದರು ಕನ್ನಡಿ ಹಿಡಿದು ಕೂತಿದ್ದರು. ಮುಖಕ್ಕೆ ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು. ಅದರ ಮೇಲೆ ಅಕ್ಕಿ ಹಿಟ್ಟು, ಸುಣ್ಣ ಕಲಸಿದ ಚಿಟ್ಟಿ. ಕಡ್ಡಿಯ ತುದಿಯಲ್ಲಿ ಒಂದೊಂದೇ ಮುಳ್ಳಿನ ಹಾಗೆ ಎತ್ತಿ ಇಡಬೇಕು. ಒಂದು ಸಾಲು ಒಣಗಿದ ಮೇಲೆ ಇನ್ನೊಂದು ಸಾಲು. ಗಂಟೆಗಟ್ಟಲೆ ಮಾತಿಲ್ಲ, ನಗು ಇಲ್ಲ. ನಕ್ಕರೆ ಚಿಟ್ಟಿ ಬಿರಿಯುತ್ತದೆ.

ಮೊದಲ ಫೋಟೋ ನೋಡಿ ನಗು ಬಂತು. ಕೆಂಪು ಫಿಲ್ಟರ್ ಅಲ್ವಾ? ಕೆಂಪನ್ನೇ ಬೆಳ್ಳಗೆ ಮಾಡುತ್ತದೆ. ಅಷ್ಟು ಕೆಂಪು ಮುಖ ಬೂದಿ ಬಳಿದ ಹಾಗೆ ಬಿಳಿಚಿಕೊಂಡಿತ್ತು. ಚಿಟ್ಟಿ ಅದರೊಳಗೆ ಕರಗಿಹೋಗಿತ್ತು. ರಾಕ್ಷಸ ಹೋಗಿ ಜ್ವರ ಬಂದ ಮನುಷ್ಯ ಆಗಿದ್ದ. ಹಸಿರು ಫಿಲ್ಟರಿಗೆ ಬದಲಿಸಿದೆ. ಕೆಂಪು ಕಡುವಾಯಿತು, ಚಿಟ್ಟಿ ಒಂದೊಂದೂ ಹಲ್ಲಿನ ಹಾಗೆ ಎದ್ದು ನಿಂತಿತು. ಟ್ಯೂಬ್‌ಲೈಟಿಗೆ 1/100, ಎಫ್2.8, ಐಎಸ್ಒ 1600. ಶಟರ್ ಅದಕ್ಕಿಂತ ಜೋರು ಮಾಡಿದರೆ ಟ್ಯೂಬಿನ ಮಿಣುಕು ಫೋಟೋದಲ್ಲಿ ಪಟ್ಟೆಪಟ್ಟೆಯಾಗಿ ಬರುತ್ತಿತ್ತು. ಎರಡು ಗಂಟೆ ಅಲ್ಲೇ ಕೂತೆ. ನನ್ನ ಕೆಲಸದಲ್ಲಿ ಇಷ್ಟು ಖುಷಿಯ ಎರಡು ಗಂಟೆ ಅದಕ್ಕೆ ಮೊದಲು ಬಂದಿರಲಿಲ್ಲ. ಖುಷಿ ಜಾಸ್ತಿಯಾಗಿ ಡಯಲ್ ಸಿ2ನಲ್ಲೇ ಉಳಿಯಿತು.

ರಂಗಸ್ಥಳದ ಹಿಂದೆ ಕಪ್ಪು ಪರದೆ. ಆಟೋದಲ್ಲಿಟ್ಟರೆ ಕ್ಯಾಮೆರಾ ಆ ಕಪ್ಪನ್ನೂ ಬೂದು ಮಾಡಲು ಹೋಗಿ ವೇಷಧಾರಿಯ ಮುಖ ಸುಟ್ಟುಬಿಡುತ್ತದೆ. ಅದಕ್ಕೇ ಮ್ಯಾನುಯಲ್. ಒಂದು ವೇಷದ ಮುಖಕ್ಕೆ ಅಳೆದು 1/250, ಎಫ್2.8, ಐಎಸ್ಒ 3200 ಇಟ್ಟೆ. ಬೆಳಕಿನ ಲೆಕ್ಕ ತೋರಿಸುವ ಹಿಸ್ಟೋಗ್ರಾಮ್ ಚೆನ್ನಾಗಿತ್ತು. ಪಕ್ಕದಲ್ಲಿದ್ದ ಅಸಿಸ್ಟೆಂಟಿಗೆ ಭಾಷಣ ಬೇರೆ ಕೊಟ್ಟೆ. "ನೋಡು, ಮ್ಯಾನುಯಲ್ ಅಂದ್ರೆ ಎಲ್ಲಾ ನಮ್ಮ ಕೈಯಲ್ಲಿ." ಆ ಮಾತು ಅವನು ಇನ್ನೂ ಮರೆತಿಲ್ಲ.

ಮಹಿಷಾಸುರ ಬರುವುದು ಸಭೆಯ ಹಿಂದಿನಿಂದ. ಊರಲ್ಲಾದರೆ ಗದ್ದೆಯ ಆಚೆಯಿಂದ ಸೂಟೆ (ಪಂಜು), ಅದಕ್ಕೆ ಎರಚಿ ಭಗ್ಗನೆ ಉರಿಸುವ ರಾಳದ ಪುಡಿ, ಬೊಬ್ಬೆ. ಇಲ್ಲಿ ಹಾಲ್‌ನವರು ಬೆಂಕಿಯೇ ಬೇಡ ಎಂದಿದ್ದರು. ಚರ್ಚೆಯಾಗಿ ಹೊರಗಿನ ಪೋರ್ಚಿನಲ್ಲಿ ಮಾತ್ರ ಎರಡು ಸೂಟೆ, ಎರಡೇ ಸಲ ರಾಳ ಅಂತ ತೀರ್ಮಾನವಾಯಿತು. ನನಗೆ ಎರಡೇ ಅವಕಾಶ.

ಬ್ಯಾಟರಿ ಒಂದೇ ಗೆರೆ ತೋರಿಸುತ್ತಿತ್ತು. ಮಧ್ಯದಲ್ಲಿ ಕೈಕೊಟ್ಟರೆ ಕಷ್ಟ ಅಂತ ಪೋರ್ಚಿಗೆ ಹೋಗುವ ಮೊದಲು ಆಫ್ ಮಾಡಿ ಬದಲಿಸಿದೆ. ಬುದ್ಧಿವಂತಿಕೆ! ನಮ್ಮ ಕ್ಯಾಮೆರಾ ಆಫ್ ಆಗಿ ಆನ್ ಆದರೆ ಸಿ2 ತಾನು ಸೇವ್ ಮಾಡಿಕೊಂಡದ್ದಕ್ಕೇ ಮರಳುತ್ತದೆ. ಮೇ ತಿಂಗಳ ಮದುಮಗಳ ಕಿಟಕಿಗೆ. ನಾನು ಇಟ್ಟದ್ದಕ್ಕಿಂತ ನಾಲ್ಕು ಸ್ಟಾಪ್ ಕೆಳಗೆ, ಅಂದರೆ ಹದಿನಾರರಲ್ಲಿ ಒಂದು ಪಾಲು ಬೆಳಕು.

ಲೈಟ್ ಆರಿತು. ಹೊರಗೆ ಮಳೆ. ಚೆಂಡೆ ಒಳಗಿನಿಂದ ಜೋರಾಯಿತು. ಕೋಡು ಕಟ್ಟಿದ ಆ ಆಕೃತಿ ಮೂಲೆಯಿಂದ ಹೊರಳಿ ಬಂದಾಗ ನನ್ನ ಪಕ್ಕದಲ್ಲಿದ್ದ ಮಗು ಕಿರುಚಿ ಅಮ್ಮನ ಸೆರಗಿನೊಳಗೆ ನುಗ್ಗಿತು. ನಾನು ಶಟರ್ ಒತ್ತಿಕೊಂಡೇ ಇದ್ದೆ. ಒಂದು ಕ್ಷಣ ಸ್ಕ್ರೀನ್ ನೋಡಿದೆ. ಕಪ್ಪು. ಮತ್ತೆ ನಾಲ್ಕು ತೆಗೆದೆ. ಕಪ್ಪು. ಸೂಟೆಯ ಜ್ವಾಲೆ ಬಿಟ್ಟರೆ ಏನೂ ಇಲ್ಲ. ಲೆನ್ಸ್ ಹೋಯಿತು ಅಂದುಕೊಂಡೆ. ಲೆನ್ಸ್ ಕಳಚಿ ಮತ್ತೆ ಹಾಕಿದೆ! ಆ ಕತ್ತಲಲ್ಲಿ, ಆ ತಳ್ಳಾಟದಲ್ಲಿ. ಮೇಲಿನ ಪುಟ್ಟ ಡಿಸ್‌ಪ್ಲೇಯಲ್ಲಿ 800 ಅಂತ ಬರೆದಿತ್ತು. ಲೈಟ್ ಹಾಕಿ ನೋಡುವ ಬುದ್ಧಿ ಬರಲಿಲ್ಲ. ಫೋಟೋ ಹೇಗೆ ಬರುತ್ತದೆಂದು ಮೊದಲೇ ತೋರಿಸುವ ಮಿರರ್‌ಲೆಸ್ ಕ್ಯಾಮೆರಾ ಆಗಿದ್ದರೆ ಕಣ್ಣಿಟ್ಟ ಕೂಡಲೇ ಕತ್ತಲೆ ಗೊತ್ತಾಗುತ್ತಿತ್ತು. ಎರಡು ವರ್ಷದಿಂದ ಕೇಳುತ್ತಿದ್ದೇನೆ, ಇರಲಿ.

ಅಷ್ಟರಲ್ಲಿ ಮೊದಲ ರಾಳ ಹಾರಿತು. ಭಗ್ ಎಂದಿತು. ಅಭ್ಯಾಸಬಲದಿಂದ ಬೆರಳು ಒತ್ತಿತು, ಅಷ್ಟೇ.

ಆಮೇಲೆ ತಲೆ ಓಡಿತು. ಐಎಸ್ಒ 3200, 1/250, ಎಫ್2.8 ತಡಕಾಡಿ ಹಾಕಿದೆ. ಎರಡನೇ ರಾಳಕ್ಕೆ ಸರಿಯಾಗಿ ಒತ್ತಿದೆ. ಅದು ಪೂರ್ತಿ ಬಿಳಿ. ಬೆಂಕಿಯ ಜಾಗದಲ್ಲಿ ಕಾಗದಕ್ಕೆ ತೂತು ಬಿದ್ದ ಹಾಗೆ, ಮುಖವೂ ಅದರಲ್ಲೇ ಹೋಗಿದೆ. ಸರಿ ಮಾಡಿದ್ದೇ ತಪ್ಪಾಯಿತು. ತಪ್ಪಾಗಿದ್ದ ಸೆಟ್ಟಿಂಗ್ ರಾಳದ ಬೆಳಕಿಗೆ ಸರಿಯಾಗಿ ಕೂತಿತ್ತು. ಮೊದಲನೇ ರಾಳದ ಆ ಒಂದು ಫೋಟೋದಲ್ಲಿ ಜ್ವಾಲೆಯ ಎಳೆ ಎಳೆ ಇದೆ. ಮುಖದ ಒಂದು ಪಕ್ಕ ಮಾತ್ರ ಕತ್ತಲಿನಿಂದ ಹೊರಗೆ ಬಂದಿದೆ, ಚಿಟ್ಟಿಯ ಪ್ರತಿ ಮುಳ್ಳಿಗೂ ಅದರದೇ ನೆರಳಿದೆ. ಬೆಂಕಿಗೆ ಅಳೆಯಬೇಕಿತ್ತು, ಕತ್ತಲಿಗಲ್ಲ. ನಾನು ಕತ್ತಲು ನೋಡಿ ಹೆದರಿದ್ದೆ.

ಸೋಮವಾರ ಅಣ್ಣ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಸುಮ್ನೆ ಒಂದು ಮಾತು: "ಬಣ್ಣದ ವೇಷಕ್ಕೆ ಹೋಗಿ ಬಣ್ಣ ಬಿಟ್ಟು ಬಂದ್ಯಲ್ಲ ಮಾರಾಯ!" ಲೈಕಾದವರು 2012ರಲ್ಲಿ ಕಪ್ಪು ಬಿಳುಪು ಬಿಟ್ಟು ಬೇರೇನೂ ಬಾರದ ಡಿಜಿಟಲ್ ಕ್ಯಾಮೆರಾ ತಂದರು, ಜನ ಲಕ್ಷಗಟ್ಟಲೆ ಕೊಟ್ಟು ತೆಗೆದುಕೊಳ್ಳುತ್ತಾರೆ. ನಾನು ನಮ್ಮ ಹಳೇ ಡಿಎಸ್ಎಲ್ಆರನ್ನು ಬಿಟ್ಟಿಯಾಗಿ ಹಾಗೆ ಮಾಡಿದ್ದೆ. ಇದನ್ನು ಅಣ್ಣನ ಎದುರು ಹೇಳುವ ಧೈರ್ಯ ಬರಲಿಲ್ಲ.

ಫ್ಲೆಕ್ಸಿಗೆ ಕೊನೆಗೆ ವಿಡಿಯೋದಿಂದ ಒಂದು ಫ್ರೇಮ್ ಕಿತ್ತು ಕೊಟ್ಟೆವು. ದೂರದಿಂದ ನೋಡಿದರೆ ನಡೆಯುತ್ತದೆ. ಸಿ1, ಸಿ2 ಎರಡನ್ನೂ ಅಳಿಸಿದ್ದೇನೆ. ಈಗ ಮೊದಲ ಫೋಟೋ ತೆಗೆದ ಕೂಡಲೇ ಮುಖ ನೋಡುವುದಿಲ್ಲ, ಮೂಲೆಯಲ್ಲಿ ರಾ ಅಂತ ಇದೆಯಾ ನೋಡುತ್ತೇನೆ. ಬ್ಯಾಟರಿ ಬದಲಿಸಿದರೆ ಮತ್ತೊಮ್ಮೆ. ಅಸಿಸ್ಟೆಂಟ್ ಹಿಂದಿನಿಂದ "ಎಲ್ಲಾ ನಮ್ಮ ಕೈಯಲ್ಲಿ" ಎನ್ನುತ್ತಾನೆ.

ತಂಡ ಊರಿಗೆ ಹೊರಡುವ ದಿನ ಆ ಕಲಾವಿದರಿಗೆ ಫೋಟೋ ತೋರಿಸಲು ಹೋಗಿದ್ದೆ. ಬಸ್ಸಿನ ಪಕ್ಕ ನಿಂತು, ಕನ್ನಡಕ ಏರಿಸಿಕೊಂಡು, ಫೋನಿನಲ್ಲಿ ತುಂಬ ಹೊತ್ತು ದೊಡ್ಡದು ಮಾಡಿ ನೋಡಿದರು. "ಇಲ್ಲಿ ಒಂದು ಚಿಟ್ಟಿ ಬಿದ್ದಿದೆ ನೋಡಿ, ಕೆನ್ನೆಯ ಹತ್ತಿರ. ನನಗೆ ಗೊತ್ತೇ ಆಗಿರಲಿಲ್ಲ" ಎಂದರು. ಆಮೇಲೆ, "ಲಾಯ್ಕ ಉಂಟು. ಕೆಂಪು ಕಾಣುವ ಒಂದನ್ನು ಕಳಿಸಿ ಆಯ್ತಾ, ಮಗಳಿಗೆ ತೋರಿಸ್ಲಿಕ್ಕೆ."

"ಕಳಿಸ್ತೇನೆ" ಎಂದೆ.

ಮೊನ್ನೆ ಮತ್ತೆ ಅವರ ಮೆಸೇಜ್ ಬಂದಿತ್ತು.